ಓದಿ ಹೇಳದ ಐದನೇ ಪ್ಯಾರಾ

ಜನನ ದಾಖಲೆಯ ಆ ನಕಲಿನಲ್ಲಿ ಎಲ್ಲವೂ ಸರಿಯಾಗಿತ್ತು, ತಂದೆ ತಾಯಿಯ ಹೆಸರು ಬಿಟ್ಟು.

ಯಶವಂತಪುರದ ಸ್ಟೇಷನ್ ರಸ್ತೆಯಲ್ಲಿ ಒಬ್ಬ ನೋಟರಿ ವಕೀಲರ ಕಚೇರಿಯ ಜಗಲಿಯ ಮೇಲೆ ನನ್ನ ಟೈಪ್‌ರೈಟರ್ ಇತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು ವರ್ಷ. ಗದಗಿನ ಕಡೆಯಿಂದ ಬಂದು ಅಕ್ಕನ ಮನೆಯಲ್ಲಿದ್ದೆ. ನನಗೆ ಇಂಗ್ಲಿಷ್ ಕಲಿಸಿದ್ದು ಬೆನ್ನು ಕಿತ್ತುಹೋದ ಒಂದು ನಿಘಂಟು ಮತ್ತು ವಕೀಲರ ಹಳೆಯ ಫೈಲುಗಳು. ಅದರ ಹೆಮ್ಮೆ ಎಷ್ಟಿತ್ತೆಂದರೆ, ದಾರಿಯಲ್ಲಿ ಕಂಡ ಅಂಗಡಿ ಬೋರ್ಡುಗಳನ್ನೆಲ್ಲ ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ನಡೆಯುತ್ತಿದ್ದೆ.

ನಕಲು ತಂದವಳು ಅಬ್ಬಿಗೆರೆಯ ಒಬ್ಬ ಹೆಂಗಸು. ಮೂವತ್ತರ ಆಸುಪಾಸು. ಜೊತೆಯಲ್ಲಿ ಒಂಬತ್ತು ವರ್ಷದ ಮಗಳು. ಗಂಡ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದು, ಐದು ವರ್ಷದ ಹಿಂದೆ ದೂರದ ಚಳಿಯ ದೇಶವೊಂದಕ್ಕೆ ಹೋಗಿದ್ದ. ಆ ದೇಶದ ಹೆಸರು ಇಲ್ಲಿ ಬೇಡ. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಈಗ ಅವನಿಗೆ ಅನುಮತಿ ಸಿಕ್ಕಿತ್ತು. ಮದರಾಸಿನಲ್ಲಿದ್ದ ಆ ದೇಶದ ವೀಸಾ ಕಚೇರಿಗೆ ಎಲ್ಲ ಕಾಗದಗಳನ್ನೂ ಇಂಗ್ಲಿಷ್ ಮಾಡಿ ಕಳಿಸಬೇಕು, ಆಮೇಲೆ ಇಬ್ಬರೂ ಸಂದರ್ಶನಕ್ಕೆ ಹೋಗಬೇಕು.

ಲಗ್ನಪತ್ರಿಕೆ, ರೇಷನ್ ಕಾರ್ಡು, ಶಾಲೆಯ ಪತ್ರ, ಜನನ ದಾಖಲೆ, ಒಟ್ಟು ನಾಲ್ಕು. ನನಗೊಂದು ನಿಯಮವಿತ್ತು. ಮೂಲದಲ್ಲಿ ಇರುವುದೆಲ್ಲ ಅನುವಾದದಲ್ಲಿ ಇರಬೇಕು. ಸೀಲು ಅರ್ಧ ಬಿದ್ದಿದ್ದರೆ ‘ಸೀಲು ಅಸ್ಪಷ್ಟ’ ಎಂದು ಬರೆಯಬೇಕು, ಚಿತ್ತು ಹೊಡೆದಿದ್ದರೆ ಅದನ್ನೂ ಹೇಳಬೇಕು. ಮೂರು ಕಾಗದ ಹೀಗೆ ಸಲೀಸಾಗಿ ಮುಗಿದವು. ನಾಲ್ಕನೆಯದನ್ನು ಓದಿ ತಲೆಯೆತ್ತಿದೆ.

“ಅಮ್ಮಾರ, ಇದು ಬ್ಯಾರೆಯವರ ಮಗಳ ಕಾಗದ ಬಂದೈತ್ರಿ. ತಂದಿ ತಾಯಿ ಹೆಸರು ನಿಮ್ಮವಲ್ಲ.”

“ನಮ್ ಮಗಳದ್ದೇ ಸಾರ್,” ಎಂದಳು ಆಕೆ. “ಅದು ಪಕ್ಕದ್ಮನೆ ದೊಡ್ಡಮ್ಮನ ಹೆಸ್ರು. ಅವ್ರು ಇವ್ಳನ್ನ ತೌಡಿಗೆ ಕೊಂಡ್ಕೊಂಡಿದ್ರು.”

ಆಕೆಗೆ ಮೊದಲು ಹುಟ್ಟಿದ ಎರಡು ಮಕ್ಕಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಈ ಹುಡುಗಿ. ಹಾಗೆ ಮಕ್ಕಳು ನಿಲ್ಲದ ಮನೆಯಲ್ಲಿ ಮಾಡುವ ಶಾಸ್ತ್ರವೊಂದಿದೆ, ನಮ್ಮ ಕಡೆಯೂ ಇದೆ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಪಕ್ಕ ಇಡುತ್ತಾರೆ. ಮಕ್ಕಳೆಲ್ಲ ಬದುಕಿರುವ ಇನ್ನೊಬ್ಬ ಹೆಂಗಸು ಬಂದು ಒಂದು ಸೇರು ತವುಡು ಕೊಟ್ಟು ಅದನ್ನು ಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅದು ಅವಳ ಮಗು. ಹೆತ್ತವಳು ಸಾಕುವವಳು ಮಾತ್ರ. ಸಾವು ಹೆತ್ತವಳ ಮನೆಗೆ ಹುಡುಕಿಕೊಂಡು ಬಂದರೆ ಅಲ್ಲಿ ಅವಳ ಮಗುವೇ ಇರುವುದಿಲ್ಲ. ಪಕ್ಕದ ಮನೆಯ ದೊಡ್ಡಮ್ಮನಿಗೆ ಐದು ಮಕ್ಕಳು, ಐದೂ ಗಟ್ಟಿ. ಹೆತ್ತವಳ ಅತ್ತೆಗೆ ಬರೀ ಶಾಸ್ತ್ರದಿಂದ ಧೈರ್ಯ ಬರಲಿಲ್ಲವಂತೆ. ಸೀದಾ ಶಾನುಭೋಗರ ಹತ್ತಿರ ಹೋಗಿ, ಸರ್ಕಾರದ ಪುಸ್ತಕದಲ್ಲೂ ದೊಡ್ಡಮ್ಮ ಮತ್ತು ಆಕೆಯ ಗಂಡನ ಹೆಸರನ್ನೇ ಬರೆಸಿದ್ದರು.

ಹುಡುಗಿ ಹೆತ್ತವಳನ್ನು ‘ಅಕ್ಕ’ ಎನ್ನುತ್ತಿದ್ದಳು, ದೊಡ್ಡಮ್ಮನನ್ನು ‘ಅವ್ವ’.

“ಸಾರ್, ಇಂಗ್ಲಿಷ್ ಮಾಡೋವಾಗ ನನ್ ಹೆಸ್ರು ಹಾಕ್ಬಿಡಿ. ಅಲ್ಲಿ ಯಾರಿಗ್ ಕನ್ನಡ ಬರುತ್ತೆ?”

“ಅದು ಆಗಂಗಿಲ್ರಿ,” ಎಂದೆ. ಎಷ್ಟು ದೊಡ್ಡ ಮನುಷ್ಯನಂತೆ ಹೇಳಿದೆನೆಂಬುದು ಈಗಲೂ ಕಿವಿಯಲ್ಲಿದೆ. “ಇದ್ದದ್ದು ಇದ್ದಂಗ ಬರೀಬೇಕು. ಅದು ಅನುವಾದಕನ ಧರ್ಮ.”

ಹುಡುಗಿ ಟೈಪ್‌ರೈಟರಿನ ಗಂಟೆ ಹೊಡೆಯುವುದನ್ನೇ ನೋಡುತ್ತಿದ್ದಳು. “ಇನ್ನೊಂದ್ಸಲ ಹೊಡ್ಸಣ್ಣಾ,” ಎಂದಳು. ಖಾಲಿ ಹಾಳೆ ಹಾಕಿ ಹೊಡೆಸಿದೆ.

ಇದ್ದದ್ದನ್ನು ಇದ್ದಂತೆ ಟೈಪು ಮಾಡಿ, ಶಾಸ್ತ್ರದ ವಿವರಣೆಯನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದೆ. ತಿಪ್ಪೆ, ಮೊರ, ತವುಡು ಎಲ್ಲವಕ್ಕೂ ನಿಘಂಟಿನಲ್ಲಿ ಪದ ಹುಡುಕಿ ಎರಡು ದಿನ ಕೂತಿದ್ದೆ. ವಕೀಲರು ಓದಿ, “ಪ್ರಬಂಧ ಚೆನ್ನಾಗಿದೆ ಕಣಯ್ಯಾ, ಪುರಾವೆ ಎಲ್ಲಿ?” ಎಂದರು. ನನಗೆ ‘ಚೆನ್ನಾಗಿದೆ’ ಎಂದದ್ದಷ್ಟೇ ಕೇಳಿಸಿತು.

ಆರು ವಾರದ ನಂತರ ಮದರಾಸಿನಿಂದ ಪತ್ರ ಬಂತು. ವಿವರಣೆಯನ್ನು ಗಮನಿಸಲಾಗಿದೆ. ಆದರೆ ಜನನ ದಾಖಲೆಯಲ್ಲಿ ಹೆಸರಿರುವವರು, ತಾವು ಈ ಮಗುವಿನ ತಂದೆ ತಾಯಿ ಅಲ್ಲವೆಂದು ಪ್ರಮಾಣ ಮಾಡಿದ ಹೇಳಿಕೆ ಬೇಕು. ಅದು ಬಂದ ಮೇಲೆ ಸಂದರ್ಶನ. ಒಂದು ತಿಂಗಳ ಗಡುವು. ದೊಡ್ಡಮ್ಮನ ಗಂಡ ತೀರಿಕೊಂಡಿದ್ದರು. ಹಾಗಾಗಿ ಹೇಳಬೇಕಾದವರು ದೊಡ್ಡಮ್ಮ ಒಬ್ಬರೇ.

ಮಾರನೇ ದಿನವೇ ಅಬ್ಬಿಗೆರೆಗೆ ಹೋದೆ. ಬಸ್ಸಿಳಿದು ರಾಗಿ ಹೊಲದ ಬದುವಿನಲ್ಲಿ ನಡೆಯಬೇಕಿತ್ತು. ದೊಡ್ಡಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗೆ ಕಲಗಚ್ಚು ಕಲಸುತ್ತಿದ್ದರು. ಐವತ್ತು ದಾಟಿದ ದಪ್ಪ ಹೆಂಗಸು, ಬಾಯಲ್ಲಿ ಎಲೆಯಡಿಕೆ. ನನ್ನ ಮಾತು ಕೇಳಿ ಮೊದಲು ನಕ್ಕರು.

“ಯಾವ ಸೀಮೆ ಮಾತಪ್ಪಾ ಇದು? ರೊಟ್ಟಿ ತಟ್ಟಿದಂಗೆ ಐತೆ. ಕೂತ್ಕೊ, ಮಜ್ಜಿಗೆ ಕುಡಿ.”

ಕುಡಿದು ವಿಷಯ ಹೇಳಿದೆ, ಈ ಶಾಸ್ತ್ರ ನಮ್ಮ ಕಡೆಯೂ ಇದೆ ಎಂದೆ. ಅವರು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

“ಏನ್ ಬೇಕೋ ಬರ್ಕೊ. ಎತ್ತೋಳು ಅವ್ಳೇ, ನಾನು ಎತ್ತಿಲ್ಲ. ತೌಡು ಕೊಟ್ಟಿದ್ದು ನಿಜ, ಮೊರ ಇಡ್ದಿದ್ದು ನಿಜ. ಎಲ್ಲಾ ಯೋಳ್ತೀನಿ, ಯಾವ ಆಪೀಸರ್ ಮುಂದೆ ಬೇಕಾದ್ರೂ ಯೋಳ್ತೀನಿ.”

“ಹಂಗಾರ ‘ನಾನು ಇಕೀ ತಾಯಿ ಅಲ್ಲ’ ಅಂತ ಒಂದ್ ಮಾತು ಬರದ್ರ ಆತ್ರಿ.”

ಅವರು ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು.

“ಅದ್ ಮಾತ್ರ ನನ್ ಬಾಯಿಂದ ಬರಾಕಿಲ್ಲ ಕಣಪ್ಪ.”

“ಯಾಕ್ರಿ? ಹಡದಿಲ್ಲ ಅಂತ ನೀವಽ ಹೇಳಿದ್ರಿ.”

“ಎತ್ತಿಲ್ಲ ಅನ್ನಾದು ಬೇರೆ, ತಾಯಿ ಅಲ್ಲ ಅನ್ನಾದು ಬೇರೆ. ಒಂಬತ್ ವರ್ಸ ನನ್ ಎಸ್ರಲ್ಲಿ ಬದ್ಕಿದಾಳೆ. ನಾನೇ ಅಲ್ಲ ಅಂದ್ಮೇಲೆ ಅವ್ಳಿಗೆ ಇನ್ಯಾರವ್ರೆ? ನಾಳೆ ಜ್ವರ ಗಿರ ಬಂದ್ರೆ ನೀನ್ ಬರ್ತೀಯಾ?”

ಹುಡುಗಿಯ ತಾಯಿ ಬಾಗಿಲ ಹತ್ತಿರ ನಿಂತಿದ್ದಳು. ಅವಳಾದರೂ ಒತ್ತಾಯ ಮಾಡಬಹುದೆಂದು ನೋಡಿದೆ. ತಲೆ ತಗ್ಗಿಸಿದಳು. “ಅದೊಂದ್ ಬೇಡ ಸಾರ್. ಬೇರೆ ಥರ ಬರೀರಿ,” ಎಂದಳು.

ಬೇರೆ ಥರ ಬರೆಯಲು ಇಪ್ಪತ್ತು ದಿನ ಹೆಣಗಿದೆ. ಮೊದಲ ಕರಡಿನಲ್ಲಿ ಹೆತ್ತವಳು ಯಾರು ಎಂಬುದನ್ನಷ್ಟೇ ಹಾಕಿದೆ. ಎರಡನೆಯದರಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಮಾತು ಸೇರಿಸೋಣವೆಂದು ವಿಚಾರಿಸಿದೆ, ಆಕೆ ಸತ್ತು ನಾಲ್ಕು ವರ್ಷವಾಗಿತ್ತು. ಶಾನುಭೋಗರು ಊರು ಬಿಟ್ಟಿದ್ದರು, ಅತ್ತೆಯೂ ಬದುಕಿರಲಿಲ್ಲ. ಪುಸ್ತಕ ತಿದ್ದಿಸಲು ತಾಲ್ಲೂಕು ಕಚೇರಿಗೆ ಹೋದರೆ ಗುಮಾಸ್ತರು, “ಕೋರ್ಟ್ ಆರ್ಡರ್ ತಗೊಂಡ್ಬನ್ನಿ, ವರ್ಷ ಎರಡು ವರ್ಷ ಆಗುತ್ತೆ,” ಎಂದರು. ಮೂರನೇ ಕರಡನ್ನು ವಕೀಲರು ಓದಿ ಪಕ್ಕಕ್ಕಿಟ್ಟರು.

“ಅವ್ರು ಕೇಳಿರೋದು ಒಂದೇ ವಾಕ್ಯ ಕಣಯ್ಯಾ. ಅದೊಂದನ್ ಬಿಟ್ಟು ಊರೆಲ್ಲಾ ಬರ್ದಿದೀಯಾ. ಇದನ್ ಕಳಿಸಿದ್ರೆ ಏನೋ ಮುಚ್ಚಿಡ್ತಿದಾರೆ ಅಂತಾನೇ ಅನ್ಕೊತಾರೆ.”

ಗಡುವಿಗೆ ಎಂಟು ದಿನ ಉಳಿದಿತ್ತು. ನಾಲ್ಕನೇ ಕರಡಿನಲ್ಲಿ ಆರು ಪ್ಯಾರಾ ಇದ್ದವು. ಐದನೆಯದು ಒಂದೇ ಸಾಲು. ನಾನು ಈ ಮಗುವಿನ ತಾಯಿಯಲ್ಲ, ನನ್ನ ದಿವಂಗತ ಪತಿ ಇದರ ತಂದೆಯಲ್ಲ.

ಅದನ್ನು ಟೈಪು ಮಾಡುವಾಗ ತಪ್ಪು ಮಾಡುತ್ತಿದ್ದೇನೆಂದು ಅನ್ನಿಸಲಿಲ್ಲ. ಆಕೆ ಹೆತ್ತಿಲ್ಲ, ಅದನ್ನು ಆಕೆಯೇ ಹೇಳಿದ್ದಾರೆ, ಹಾಗಾಗಿ ಇದು ಸತ್ಯ. ಮೂಢನಂಬಿಕೆಯಿಂದ ಒಂದು ಸಂಸಾರ ಒಡೆಯಬಾರದು. ಇಷ್ಟೇ ನನ್ನ ತರ್ಕ. ತಾಯಿಯ ಹೆಸರು ಬದಲಾಯಿಸಲು ಒಪ್ಪದ ನಿಯಮದ ಮನುಷ್ಯ ನಾನೇ ಎಂಬುದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ದೊಡ್ಡಮ್ಮ, ತಾಯಿ, ಹುಡುಗಿ ಮೂವರೂ ಯಶವಂತಪುರಕ್ಕೆ ಬಂದರು. ದೊಡ್ಡಮ್ಮ ಹೊಸ ಸೀರೆ ಉಟ್ಟಿದ್ದರು. ಓದು ಬಾರದವರ ಹೇಳಿಕೆಗೆ ಒಂದು ಕ್ರಮವಿದೆ. ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಬೇಕು, ಅವರು ಸರಿಯೆಂದ ಮೇಲೆ ಹೆಬ್ಬೆಟ್ಟು ಒತ್ತಿಸಬೇಕು. ಕೊನೆಯಲ್ಲಿ, ‘ಎಲ್ಲವನ್ನೂ ಕನ್ನಡದಲ್ಲಿ ಓದಿ ವಿವರಿಸಿದ್ದೇನೆ’ ಎಂಬ ಸಾಲಿನ ಕೆಳಗೆ ಓದಿದವನು ಸಹಿ ಹಾಕಬೇಕು.

ಹಾಳೆ ಹಿಡಿದು ಓದಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದರಲ್ಲಿ ಮೊರ, ತವುಡಿನ ವಿಷಯ ಬಂದಾಗ ದೊಡ್ಡಮ್ಮ, “ಊಂ, ಸರ್ಯಾಗ್ ಬರ್ದಿದೀಯಾ,” ಎಂದರು. ಉಸಿರು ತೆಗೆದುಕೊಂಡು ಆರನೆಯದಕ್ಕೆ ಹೋದೆ. ಮೇಲಿನದೆಲ್ಲ ನನ್ನ ತಿಳಿವಳಿಕೆಯಂತೆ ನಿಜ.

“ಅಷ್ಟೇನಾ?” ಎಂದರು.

“ಅಷ್ಟಽ ರೀ.”

“ಆ ಮಾತು ಆಕಿಲ್ಲ ತಾನೇ?”

“ಇಲ್ರಿ.”

ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಕಾಗದದ ಮೇಲೆ ಉರುಳಿಸಿ ಒತ್ತಿದರು. ಒಳಗೆ ಯಾರದೋ ಕ್ರಯಪತ್ರದಲ್ಲಿ ಮುಳುಗಿದ್ದ ವಕೀಲರು ಹಾಳೆ ನೋಡಿ, “ಓದಿ ಹೇಳಿದ್ಯೇನಯ್ಯಾ?” ಎಂದರು. “ಹೇಳೀನ್ರಿ ಸರ್,” ಎಂದೆ. ಸೀಲು ಬಿತ್ತು. ನಾನು ಸಹಿ ಹಾಕಿದೆ. ಆ ಸಹಿಯನ್ನು ಬಾಲ ಎಳೆದು ಹಾಕುವ ಚಟವಿತ್ತು ನನಗೆ. ಅವತ್ತೂ ಎಳೆದೆ.

ಸಂದರ್ಶನದ ದಿನಕ್ಕೆ ಮೊದಲು ಹುಡುಗಿಗೆ ಒಂದು ಪಾಠ ಹೇಳಿಕೊಡಬೇಕಾಯಿತು. ನಿನ್ನನ್ನು ಹೆತ್ತವರು ಯಾರು ಎಂದು ಕೇಳಿದರೆ ‘ಅಕ್ಕ’ನ ಹೆಸರು ಹೇಳಬೇಕು, ಅಮ್ಮ ಎನ್ನಬೇಕು.

“ಅಮ್ಮ ಅಂದ್ರೆ ಅಕ್ಕಂಗೆ ಏನೂ ಆಗಲ್ವಾ ಅಣ್ಣಾ?” ಎಂದು ಕೇಳಿದಳು. ಏನೂ ಆಗುವುದಿಲ್ಲವೆಂದೆ. ಜಾಣ ಹುಡುಗಿ, ಎರಡೇ ದಿನದಲ್ಲಿ ಕಲಿತಳು.

ಮದರಾಸಿಗೆ ತಾಯಿ, ಮಗಳು, ನಾನು ಮೂವರೂ ಹೋದೆವು. ಗೇಟಿನಾಚೆ ನನಗೆ ಪ್ರವೇಶವಿರಲಿಲ್ಲ. ಎದುರಿನ ಮರದ ಕೆಳಗೆ ಫೈಲಿಟ್ಟುಕೊಂಡು ಕೂತೆ. ಅಲ್ಲಿ ತಾಯಿಯನ್ನೂ ಮಗಳನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆಂದು ಗೊತ್ತಿತ್ತು. ಬಾವಿ ಮನೆಯ ಯಾವ ಕಡೆಗಿದೆ, ರಾತ್ರಿ ಯಾರ ಪಕ್ಕ ಯಾರು ಮಲಗುತ್ತಾರೆ, ಎಮ್ಮೆ ಎಷ್ಟು. ಉತ್ತರ ತಾಳೆಯಾಗಬೇಕು. ಅದನ್ನೆಲ್ಲ ನೋಡಿಕೊಂಡಿದ್ದೆ. ಮೂರು ಗಂಟೆಯ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ತಾಯಿ ನನ್ನ ಮುಖ ನೋಡಲಿಲ್ಲ.

ಮರುದಿನ ವಾಪಸು ಬರುವ ಹಗಲು ರೈಲಿನಲ್ಲಿ, ಹುಡುಗಿ ಕಿಟಕಿಗೆ ಮೂಗು ಒತ್ತಿ ಕೂತಿದ್ದಾಗ, ಆಕೆ ಬಾಯಿ ಬಿಟ್ಟಳು.

“ಅವ್ಳು ಎಲ್ಲಾ ಸರಿಯಾಗೇ ಹೇಳಿದ್ಲಂತೆ. ನನ್ ಹತ್ರ ಕೊನೇಲಿ ಕನ್ನಡದೋರು ಒಬ್ರು ದೊಡ್ಡಮ್ಮನ ಕಾಗ್ದ ಓದಿದ್ರು. ‘ನಾನು ಈ ಮಗುವಿನ ತಾಯಿ ಅಲ್ಲ’ ಅಂತ ಇದೆ ಅಂದ್ರು. ನಾನು ಇಲ್ಲ ಅಂದೆ. ನಾನ್ ಅಲ್ಲೇ ಇದ್ದೆ, ಅಂಗೆ ಓದ್ಲೇ ಇಲ್ಲ, ಅವ್ರು ಸತ್ರೂ ಅಂಗನ್ನಲ್ಲ, ಯಾರೋ ಸುಳ್ಳು ಬರ್ದಿದಾರೆ ಅಂದೆ. ಅವ್ರು ಸಾಹೇಬ್ರಿಗೆ ಹೇಳಿದ್ರು, ಸಾಹೇಬ್ರು ಬರ್ಕೊಂಡ್ರು.” ನನ್ನ ಕಡೆ ತಿರುಗಿ ಕೇಳಿದಳು. “ಅದ್ರಲ್ಲಿ ಅಂಗೆ ಇತ್ತಾ ಸಾರ್?”

“ಇತ್ರಿ.”

ಆಕೆ ಮೊಸರನ್ನದ ಡಬ್ಬಿ ತೆಗೆದು ಮಗಳಿಗೆ ಕೊಟ್ಟಳು. ನನಗೂ ಕೊಟ್ಟಳು. ತಿಂದೆ.

ಉತ್ತರ ಬಂದದ್ದು ಒಂದು ತಿಂಗಳ ಮೇಲೆ. ಹೆಂಡತಿಗೆ ವೀಸಾ ಮಂಜೂರಾಗಿತ್ತು. ಮಗುವಿಗೆ ಇಲ್ಲ. ಪ್ರಮಾಣ ಮಾಡಿದ ಹೇಳಿಕೆಯನ್ನು ಅರ್ಜಿದಾರಳೇ ಸುಳ್ಳೆಂದು ಹೇಳಿರುವುದರಿಂದ, ಮಗು ಇವರದೇ ಎಂದು ನಂಬಲು ಆಧಾರವಿಲ್ಲ. ಆ ಪತ್ರವನ್ನು ಅಬ್ಬಿಗೆರೆಗೆ ತೆಗೆದುಕೊಂಡು ಹೋಗಿ, ದೊಡ್ಡಮ್ಮನ ಜಗಲಿಯಲ್ಲಿ ಇಬ್ಬರೂ ಹೆಂಗಸರ ಮುಂದೆ ಕನ್ನಡದಲ್ಲಿ ಓದಿದೆ. ಯಾವ ಸಾಲನ್ನೂ ಬಿಡದೆ ಓದಿದೆ. ಆಮೇಲೆ ಹೇಳಿಕೆಯ ಕಾರ್ಬನ್ ಪ್ರತಿ ತೆಗೆದು ಅದನ್ನೂ ಓದಿದೆ. ಈ ಸಲ ಐದನೇ ಪ್ಯಾರಾ ಸೇರಿಸಿ.

ಬೈಯುತ್ತಾರೆಂದುಕೊಂಡಿದ್ದೆ. ದೊಡ್ಡಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡರು. ಅದರಲ್ಲಿ ಇಂಕೇನೂ ಇರಲಿಲ್ಲ.

“ಕೇಳಿದ್ನಲ್ಲೋ, ಆ ಮಾತು ಆಕಿಲ್ಲ ತಾನೇ ಅಂತ. ಇಲ್ಲ ಅಂದ್ಯಲ್ಲೋ.”

“ಅಂದ್ನಿರಿ.”

“ನಿಮ್ ಕಡೇನೂ ಐತೆ ಅಂದಿದ್ಯಲ್ಲ ಈ ಶಾಸ್ತ್ರ. ನಿಮ್ ಕಡೆ ತೌಡು ವಾಪಸ್ ಕೊಡಾಕಿಲ್ವಾ?”

ನನಗೆ ಅರ್ಥವಾಗಲಿಲ್ಲ. ಅವರು ಎಳೆಯ ಮಗುವಿಗೆ ಹೇಳುವಂತೆ ಹೇಳಿದರು. “ಮದ್ವೆಗ್ ಮುಂಚೆ ಎತ್ತೋಳು ಅದೇ ಮೊರದಲ್ಲಿ ಒಂದ್ ಸೇರ್ ತೌಡು ತಂದು ಕೊಟ್ಟು, ನನ್ ಮಗಳನ್ನ ನನಗ್ ಕೊಡು ಅಂತಾಳೆ. ನಾನ್ ಕೊಟ್ಬಿಡ್ತೀನಿ. ಆಮೇಲೆ ನಾನ್ ತಾಯಿ ಅಲ್ಲ ಅಂದ್ರೂ ಏನೂ ಆಗಾಕಿಲ್ಲ. ಈಗ್ಲೇ ಮಾಡ್ಬೋದಿತ್ತು. ಒಳ್ಳೇ ದಿನ ಕೇಳಿಸ್ಬೇಕು, ಎಂಟ್ ದಿನ ಆಗಾದು, ಅಷ್ಟೇಯ. ಏನ್ ಮಾಡಿದ್ರೆ ಯೋಳ್ತೀಯಾ ದೊಡ್ಡಮ್ಮ ಅಂತ ನೀನು ಒಂದ್ಸಲಾನೂ ಕೇಳ್ಳಿಲ್ಲ.”

“ನೀವೂ ಹೇಳ್ಲಿಲ್ವಲ್ಲ ದೊಡ್ಡಮ್ಮ,” ಎಂದಳು ತಾಯಿ ಮೆಲ್ಲಗೆ.

“ಅಷ್ಟ್ ಅವಸ್ರ ಐತೆ ಅಂತ ನನಗೇನ್ ಗೊತ್ತು? ಎಲ್ಲಾ ಸರಿ ಓಯ್ತು ಅಂದ, ಎಬ್ಬೆಟ್ ಒತ್ತಿಸ್ಕೊಂಡ, ಒಂಟೋದ.”

ಇಪ್ಪತ್ತು ದಿನ ಮೂರು ಕರಡು ತಿದ್ದಿದ್ದೆ. ಸತ್ತ ಸೂಲಗಿತ್ತಿಯ ಮನೆ ಹುಡುಕಿಕೊಂಡು ಹೋಗಿದ್ದೆ. ಆ ಒಂದು ಪ್ರಶ್ನೆ ಕೇಳಲು ಮಜ್ಜಿಗೆ ಕುಡಿಯುವಷ್ಟು ಹೊತ್ತು ಸಾಕಿತ್ತು.

ತಾಯಿಯ ವೀಸಾಕ್ಕೆ ಆರು ತಿಂಗಳ ಅವಧಿ. ಗಂಡ ಅಲ್ಲಿಂದ ಬರೆದ, ಮೊದಲು ನೀನು ಬಾ, ಇಲ್ಲಿಯ ವಕೀಲರನ್ನು ಹಿಡಿದು ಮಗಳನ್ನು ಕರೆಸೋಣ. ಆಕೆ ಐದು ತಿಂಗಳು ಹೋಗುವುದಿಲ್ಲವೆಂದಳು. ಆರನೇ ತಿಂಗಳಲ್ಲಿ ಹೋದಳು. ಹೊರಡುವ ದಿನ ಒಂದು ಸೇರು ತವುಡು ತಂದು ದೊಡ್ಡಮ್ಮನ ಮುಂದೆ ಇಟ್ಟಳು. ದೊಡ್ಡಮ್ಮ ಅದನ್ನು ಡಬ್ಬಿಯಲ್ಲಿ ಹಾಕಿಟ್ಟರು, ಶಾಸ್ತ್ರ ಮಾಡಲಿಲ್ಲ. “ನೀನ್ ಬಂದು ಕರ್ಕೊಂಡೋಗೋ ದಿನ ಮಾಡಾಣ. ಅಲ್ಲೀಗಂಟ ನನ್ ಎಸ್ರಲ್ಲೇ ಇರ್ಲಿ. ನೀ ಓಗು.” ಹುಡುಗಿ ಅವರ ಸೊಂಟ ಹಿಡಿದು ನಿಂತಿದ್ದಳು. ಟಾಟಾ ಮಾಡು ಎಂದರೆ ಮಾಡಿದಳು.

ಮೂರು ವರ್ಷದ ಮೇಲೆ ಎರಡನೇ ಅರ್ಜಿ. ಹಳೆಯ ಹೇಳಿಕೆಯ ಹೊತ್ತಿನಲ್ಲಿ ಏನು ನಡೆಯಿತೆಂದು, ಅದನ್ನು ಓದಿ ಹೇಳಿದವನೇ ಪ್ರಮಾಣ ಮಾಡಿ ಹೇಳಬೇಕು ಎಂದು ಅಲ್ಲಿಯ ವಕೀಲರು ಬರೆದಿದ್ದರು. ನನ್ನ ಹೇಳಿಕೆಯನ್ನು ನಾನೇ ಟೈಪು ಮಾಡಿದೆ. ಐದನೇ ಪ್ಯಾರಾವನ್ನು ಉದ್ದೇಶಪೂರ್ವಕವಾಗಿ ಓದಲಿಲ್ಲ, ಆದರೂ ಓದಿದ್ದೇನೆಂದು ಸಹಿ ಹಾಕಿದೆ ಎಂದು ಬರೆದೆ. ನಮ್ಮ ವಕೀಲರು ಅದನ್ನು ಎರಡು ಸಲ ಓದಿದರು. “ನನ್ ಸೀಲು ಇದ್ಯಲ್ಲಯ್ಯಾ ಅದ್ರ ಮೇಲೆ,” ಎಂದರು. ಬೇರೆ ನೋಟರಿಯ ಹತ್ತಿರ ಹೋಗು ಎಂದರು. ಟೈಪ್‌ರೈಟರನ್ನೂ ತೆಗೆದುಕೊಂಡು ಹೋಗು ಎಂದರು.

ಆ ಹೇಳಿಕೆಯನ್ನು ಕಳಿಸುವ ಮೊದಲು ದೊಡ್ಡಮ್ಮನಿಗೆ ಓದಿ ಹೇಳಲು ಹೋದೆ. ಹನ್ನೆರಡು ತುಂಬಿದ್ದ ಹುಡುಗಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು.

“ನಾನೇ ಓದ್ತೀನಿ ಬಿಡಿ ಅಣ್ಣಾ.”

ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಒಂದೊಂದೇ ಪದ ಕೂಡಿಸಿ ಓದಿದಳು. ತಿಳಿಯದ ಪದಕ್ಕೆ ನನ್ನನ್ನು ಕೇಳಲಿಲ್ಲ, ಅಲ್ಲಿ ಬೆರಳಿಟ್ಟು ಮುಂದೆ ಹೋದಳು. ಮುಗಿದಾಗ ದೊಡ್ಡಮ್ಮ ಅವಳನ್ನು ಕೇಳಿದರು, “ಎಲ್ಲಾ ಓದಿದ್ಯೇನೇ?”

“ಎಲ್ಲಾ ಓದ್ದೆ ಅವ್ವ.”

ಆ ಅರ್ಜಿಗೂ ಇಲ್ಲವೆಂದೇ ಉತ್ತರ ಬಂತು. ಹಿಂದೆ ಸುಳ್ಳು ದೃಢೀಕರಣ ಮಾಡಿದ್ದೇನೆಂದು ತಾನೇ ಒಪ್ಪಿಕೊಂಡಿರುವ ವ್ಯಕ್ತಿಯ ಹೇಳಿಕೆಯನ್ನು ಅವಲಂಬಿಸಲು ಸಾಧ್ಯವಿಲ್ಲ ಎಂದಿತ್ತು. ಒಳ್ಳೆಯ, ಸ್ಪಷ್ಟವಾದ ಇಂಗ್ಲಿಷ್. ಅನುವಾದ ಮಾಡಲು ಏನೂ ಕಷ್ಟವಿರಲಿಲ್ಲ.

ಅದನ್ನು ಹಿಡಿದು ಹೋದ ದಿನ ಹುಡುಗಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. ದೊಡ್ಡಮ್ಮ ಕೊಟ್ಟಿಗೆಯ ಮುಂದೆ ಕೂತು ಆ ಡಬ್ಬಿಯಿಂದ ಹಳೆಯ ತವುಡನ್ನು ಎಮ್ಮೆಯ ಬಾನಿಗೆ ಸುರಿಯುತ್ತಿದ್ದರು. ಪಕ್ಕದಲ್ಲಿ ಹೊಸ ತವುಡು ತುಂಬಿದ ಸೇರು ಇತ್ತು. ನಾನು ನೋಡುತ್ತಿರುವುದನ್ನು ಕಂಡು, “ಉಳ ಇಡೀತೈತೆ ಕಣಪ್ಪ,” ಎಂದರು. “ವರ್ಸ ವರ್ಸ ಬದ್ಲಾಯಿಸ್ತೀನಿ.” ಡಬ್ಬಿಯನ್ನು ಸೆರಗಿನಿಂದ ಒರೆಸಿ, ಹೊಸದನ್ನು ಸುರಿದು, ಮುಚ್ಚಳ ಒತ್ತಿದರು. ಆಮೇಲೆ ಪತ್ರದ ಕಡೆ ಕೈ ತೋರಿಸಿದರು. “ಇಡು ಅಲ್ಲಿ. ಅವ್ಳು ಬಂದ್ ಓದ್ತಾಳೆ.”